ಕಣ್ಣಿನ ಸಂಶೋಧನೆಗೆ ಮಂಗ ಬೇಕಾ, ಬೇಡವಾ? ಎರಡು ಸುದ್ದಿ, ಒಂದು ದೊಡ್ಡ ಗೊಂದಲ

ಇತ್ತೀಚೆಗೆ ಎರಡು ಬಗೆಯ ಸುದ್ದಿ ಒಂದರ ಬೆನ್ನಿಗೆ ಒಂದು ಬರುತ್ತಿವೆ. ಅಮೆರಿಕ, ಬ್ರಿಟನ್ ಪ್ರಾಣಿಗಳ ಮೇಲಿನ ಪ್ರಯೋಗ ಕೈಬಿಡಲು ಹೊರಟಿವೆ, ಇನ್ನು ಮಂಗಗಳ ಗೋಳು ಮುಗಿಯಿತು ಅನ್ನುವುದು ಒಂದು. ಕಣ್ಣು ಕಳೆದುಕೊಂಡವರ ಮಿದುಳಿನಲ್ಲಿ ಚಿಪ್ ಕೂರಿಸಿ ಕಾಣುವಂತೆ ಮಾಡುತ್ತಾರಂತೆ, ಮಂಗಗಳಲ್ಲಿ ಅದು ಕೆಲಸ ಮಾಡಿದೆಯಂತೆ ಅನ್ನುವುದು ಇನ್ನೊಂದು. ಎರಡನ್ನೂ ಓದಿದವರಿಗೆ ತಲೆ ಕೆಡುವುದು ಸಹಜ. ಮಂಗ ಬೇಡ ಅನ್ನುವುದಾದರೆ ಆ ಚಿಪ್ ಬಂದಿದ್ದು ಹೇಗೆ? ಬೇಕು ಅನ್ನುವುದಾದರೆ ನಿಲ್ಲಿಸುತ್ತಿರುವುದು ಯಾಕೆ?

ಮಲೆನಾಡಿನಲ್ಲಿ ಇದಕ್ಕೆ ಮೂರನೆಯದೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಂಗನ ಸುದ್ದಿ ಎತ್ತಿದರೆ ಸಾಕು, "ಮಂಗ ಬೇಕಿದ್ರೆ ನಮ್ಮ ತೋಟಕ್ಕೆ ಬರ್ಲಿ ಮಾರಾಯ್ರೆ, ಎಷ್ಟು ಬೇಕೋ ಅಷ್ಟು ಹಿಡ್ಕೊಂಡು ಹೋಗ್ಲಿ" ಅನ್ನುವವರು ಇದ್ದೇ ಇದ್ದಾರೆ. ಬಾಳೆ, ಏಲಕ್ಕಿ, ಎಳೆ ಅಡಿಕೆ ಕಳೆದುಕೊಂಡವರ ಸಿಟ್ಟು ಅದು. ಅದಕ್ಕೂ ಬರೋಣ. ಮೊದಲು ಸುದ್ದಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಿಲ್ಲಿಸುತ್ತಿರುವುದು ಯಾವುದನ್ನು?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಯೋಜನೆ ಪ್ರಕಟಿಸಿತು. ಮಾನೋಕ್ಲೋನಲ್ ಆಂಟಿಬಾಡಿ, ಅಂದರೆ ದೇಹದಲ್ಲಿ ಒಂದೇ ಗುರಿಗೆ ಹೋಗಿ ಅಂಟಿಕೊಳ್ಳುವ ಪ್ರೋಟೀನ್ ಜಾತಿಯ ಔಷಧಿಗಳಿಂದ ಶುರುಮಾಡಿ, ಸುರಕ್ಷತೆಯ ಪರೀಕ್ಷೆಗೆ ಪ್ರಾಣಿಗಳನ್ನು ಬಳಸುವುದನ್ನು ಹಂತಹಂತವಾಗಿ ಇಳಿಸುತ್ತೇವೆ ಎಂದಿತು. ಇದು ದಿಢೀರನೆ ಬಂದದ್ದಲ್ಲ. ಹೊಸ ಔಷಧಿಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕು ಅನ್ನುವ ಕಡ್ಡಾಯವನ್ನು ಅಲ್ಲಿನ ಸಂಸತ್ತು 2022ರ ಕೊನೆಯಲ್ಲೇ ತೆಗೆದುಹಾಕಿತ್ತು. ಭಾರತವೂ 2023ರಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೆ ಬಾಗಿಲು ತೆರೆಯಿತು. ಆಗ ಇಲ್ಲಿ ಅದು ಅಷ್ಟೇನೂ ಸುದ್ದಿಯಾಗಲಿಲ್ಲ. 2025ರ ನವೆಂಬರ್‌ನಲ್ಲಿ ಬ್ರಿಟನ್ ತನ್ನದೇ ಕಾರ್ಯಯೋಜನೆ ಹೊರತಂದಿತು.

ಇವೆಲ್ಲ ಮುಖ್ಯವಾಗಿ ಸುರಕ್ಷತೆಯ ಪರೀಕ್ಷೆಯ ಬಗ್ಗೆ. ಅಂದರೆ ಔಷಧಿ ಆಗಲೇ ತಯಾರಾಗಿದೆ, ವಿಷವಾಗುತ್ತದೋ ಇಲ್ಲವೋ ಅಂತ ಕೊಟ್ಟು ನೋಡುವುದು. ಕಣ್ಣು ಮತ್ತು ಮಿದುಳು ಸೇರಿ ನೋಡುವ ಕೆಲಸವನ್ನು ಹೇಗೆ ಮಾಡುತ್ತವೆ ಅಂತ ತಿಳಿಯಲು ಮಾಡುವ ಸಂಶೋಧನೆಯೇ ಬೇರೆ. ಹೊಸ ಚಿಕಿತ್ಸೆಯೊಂದು ನಿಜಕ್ಕೂ ಕಾಣುವಂತೆ ಮಾಡುತ್ತದಾ ಅಂತ ನೋಡುವುದು ಇನ್ನೂ ಬೇರೆ. ಸುದ್ದಿಯಲ್ಲಿ ಇವೆಲ್ಲ ಒಟ್ಟಿಗೆ "ಮಂಗಗಳ ಮೇಲಿನ ಪ್ರಯೋಗ" ಆಗಿಬಿಡುತ್ತವೆ. ಪರ ಮಾತಾಡುವವರು ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ, ವಿರೋಧಿಸುವವರು ಇನ್ನೊಂದನ್ನು. ಜಗಳ ಮುಗಿಯದೇ ಇರುವುದಕ್ಕೆ ಅರ್ಧ ಕಾರಣ ಇದೇ.

ಇಲಿ ಸಾಲದಾ?

ಕ್ಯಾನ್ಸರ್, ಸಕ್ಕರೆ ಕಾಯಿಲೆ, ಸೋಂಕು ಇವಕ್ಕೆಲ್ಲ ಇಲಿಗಳಲ್ಲೇ ಬೇಕಾದಷ್ಟು ಕೆಲಸ ನಡೆಯುತ್ತದೆ. ಕಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ಒಂದು ತೊಡಕು ಇದೆ.

ನಮ್ಮ ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅನ್ನುವ ತೆಳುವಾದ ಪದರ ಇದೆ. ಅದರ ನಡುವೆ ಮ್ಯಾಕ್ಯುಲಾ, ಅದರೊಳಗೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಒಂದು ಸಣ್ಣ ಗುಣಿ. ಅದೇ ಫೋವಿಯಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಆ ಗುಣಿಯ ಭರವಸೆಯಲ್ಲೇ. ಅದರ ನಟ್ಟನಡುವೆ ಬಣ್ಣ ಗುರುತಿಸುವ ಕೋನ್ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ, ರಕ್ತನಾಳಗಳೂ ಅಲ್ಲಿ ಹಾಯುವುದಿಲ್ಲ. ಉಳಿದ ರೆಟಿನಾ ಬರೀ ಸುತ್ತಮುತ್ತ ಏನಿದೆ, ಏನು ಅಲ್ಲಾಡಿತು ಅಂತ ಹೇಳುತ್ತದೆ ಅಷ್ಟೆ.

ವಯಸ್ಸಾದ ಮೇಲೆ ಮ್ಯಾಕ್ಯುಲಾ ಸವೆಯುವ ಕಾಯಿಲೆ ಬಂದವರನ್ನು ಗಮನಿಸಿದರೆ ಇದು ಗೊತ್ತಾಗುತ್ತದೆ. ಅಡಿಕೆ ಆರಿಸಲು ಕೂತ ಅಜ್ಜಿಗೆ ಮುಂದಿನ ರಾಶಿ ಕಾಣುತ್ತದೆ, ಅಂಗಳದ ಅಂಚು ಕಾಣುತ್ತದೆ, ಪಕ್ಕದಲ್ಲಿ ಯಾರೋ ಬಂದು ಕೂತದ್ದೂ ಕಾಣುತ್ತದೆ. ಆದರೆ ಕೈಗೆತ್ತಿಕೊಂಡ ಅಡಿಕೆ ಬೆಟ್ಟೆಯೋ ಗೊರಬಲೋ ಅಂತ ನೇರ ನೋಡಿದ ಕೂಡಲೇ ನಡುವೆ ಮಸಿ ಬಳಿದ ಹಾಗೆ. ಬಂದು ಕೂತವರು ಯಾರು ಅಂತ ದನಿ ಕೇಳಿಯೇ ಹೇಳಬೇಕು.

ಇಲಿಗೆ ಈ ಗುಣಿಯೇ ಇಲ್ಲ. ಅದು ರಾತ್ರಿ ಓಡಾಡುವ ಪ್ರಾಣಿ, ಅದರ ರೆಟಿನಾದಲ್ಲಿ ಮಬ್ಬುಬೆಳಕಿಗೆ ಬೇಕಾದ ರಾಡ್ ಕೋಶಗಳೇ ಜಾಸ್ತಿ. ಹದ್ದು ಗಿಡುಗಗಳಿಗೆ ನಮಗಿಂತ ಒಳ್ಳೆಯ ಫೋವಿಯಾ ಇದೆ, ಆದರೆ ಅವುಗಳ ಮಿದುಳು ನಮ್ಮ ಹಾಗಿಲ್ಲ. ಸಸ್ತನಿಗಳಲ್ಲಿ ಫೋವಿಯಾದ ಗುಣಿ ಇರುವುದು ಮಂಗ, ವಾನರ, ಮನುಷ್ಯ ಈ ಬಳಗಕ್ಕೆ ಮಾತ್ರ. ನಮ್ಮ ಕಡೆಯ ಮಂಗ ಸೇರುವ ಗುಂಪಿಗೆ ನಮ್ಮ ಹಾಗೆ ಮೂರು ಬಗೆಯ ಕೋನ್‌ಗಳೂ ಇವೆ, ಹಸಿರು ಎಲೆಯ ನಡುವೆ ಕೆಂಪು ಹಣ್ಣು ನಮಗೆ ಕಂಡಂತೆಯೇ ಅದಕ್ಕೂ ಕಾಣುತ್ತದೆ. ಹಣ್ಣಾದ ಬಾಳೆಗೊನೆ ನಮಗಿಂತ ಮೊದಲು ಅದರ ಕಣ್ಣಿಗೆ ಬೀಳುವುದಂತೂ ತೋಟದವರಿಗೆ ಹೇಳಿಕೊಡಬೇಕಿಲ್ಲ.

ಹಾಗಾಗಿ ವಿಜ್ಞಾನಿಗಳ ವಾದ ಸರಳ. ಕಾಯಿಲೆ ಬರುವುದೇ ಫೋವಿಯಾಕ್ಕೆ ಆದರೆ, ಫೋವಿಯಾ ಇಲ್ಲದ ಪ್ರಾಣಿಯಲ್ಲಿ ಏನನ್ನು ನೋಡುವುದು?

ಕಣ್ಣಿಗೆ ಕೊಡುವ ಇಂಜೆಕ್ಷನ್ ಬಂದ ದಾರಿ

ಶುಗರ್ ಇದ್ದು ರೆಟಿನಾದಲ್ಲಿ ನೀರು ತುಂಬಿದೆ ಅಂತ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗಳಿಗೆ ಹೋಗುವವರಿಗೆ ಈಗ ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ನಿಜಕ್ಕೆ ಮರಗಟ್ಟುವ ಹನಿ ಹಾಕಿ, ಅಯೋಡಿನ್‌ನಿಂದ ತೊಳೆದು, ರೆಪ್ಪೆ ಮುಚ್ಚದಂತೆ ಕ್ಲಿಪ್ ಹಾಕಿ, ಬಿಳಿಗುಡ್ಡೆಯಲ್ಲಿ ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ದೂರದಲ್ಲಿ ಕೂದಲಿನಂಥ ಸೂಜಿಯಿಂದ ಚುಚ್ಚಿ ತೆಗೆಯುವುದು ಕೆಲವೇ ಸೆಕೆಂಡಿನ ಕೆಲಸ. ಶುರುವಿನಲ್ಲಿ ತಿಂಗಳಿಗೊಮ್ಮೆ ಬರಲು ಹೇಳುತ್ತಾರೆ.

ಇದರ ಹಿಂದಿನ ಕಥೆ ಹೀಗಿದೆ. ರೆಟಿನಾಕ್ಕೆ ಆಮ್ಲಜನಕ ಸಾಲದೇ ಹೋದಾಗ ಅದು ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತದೆ, ಹೊಸ ರಕ್ತನಾಳ ಬೆಳೆಯಲಿ ಅಂತ. ಹಾಗೆ ಬೆಳೆದ ನಾಳಗಳು ಗಟ್ಟಿ ಇರುವುದಿಲ್ಲ, ಸೋರುತ್ತವೆ, ಒಡೆಯುತ್ತವೆ, ದೃಷ್ಟಿ ಹೋಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸಂಶೋಧಕರು ಮಂಗಗಳ ರೆಟಿನಾದ ರಕ್ತನಾಳಗಳನ್ನು ಲೇಸರ್‌ನಿಂದ ಮುಚ್ಚಿ, ಈ ಪ್ರೋಟೀನ್ ಏರುವುದನ್ನೂ ಅದರ ಜೊತೆಗೆ ಹೊಸ ನಾಳಗಳು ಹುಟ್ಟುವುದನ್ನೂ ಕಂಡರು. ಆಮೇಲೆ ಅದನ್ನು ತಡೆಯುವ ಆಂಟಿಬಾಡಿ ಚುಚ್ಚಿದಾಗ ಹೊಸ ನಾಳಗಳು ನಿಂತವು. ಅಲ್ಲಿಂದ ಮುಂದೆ ರ‍್ಯಾನಿಬಿಜುಮ್ಯಾಬ್ ಎಂಬ ಔಷಧಿ ಮಂಗಗಳ ಕಣ್ಣಿನಲ್ಲಿ ಪರೀಕ್ಷೆಯಾಗಿ, ಮನುಷ್ಯರಲ್ಲಿ ಟ್ರಯಲ್ ಆಗಿ, 2006ರಲ್ಲಿ ಅನುಮತಿ ಪಡೆಯಿತು. ಅದರದೇ ಬಂಧು, ಕ್ಯಾನ್ಸರ್‌ಗೆಂದು ಬಂದ ಬೆವಾಸಿಜುಮ್ಯಾಬ್ ಅನ್ನು 2005ರಿಂದ ವೈದ್ಯರು ತಾವಾಗಿಯೇ ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಬಳಸತೊಡಗಿದರು. ಬೆಲೆ ಕಡಿಮೆ, ಹಾಗಾಗಿ ಭಾರತದಲ್ಲಿ ಬಡವರಿಗೆ ಸಿಗುವುದು ಹೆಚ್ಚಾಗಿ ಇದೇ.

ಇನ್ನೂ ಹಿಂದೆ ಹೋದರೆ ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಎಂಬ ವಿಜ್ಞಾನಿಗಳು ಸಿಗುತ್ತಾರೆ. ಬೆಕ್ಕಿನ ಮರಿಗಳ, ಆಮೇಲೆ ಮಂಗದ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಎಳವೆಯಲ್ಲಿ ಬೆಳಕು ಸಿಗದ ಕಣ್ಣಿಗೆ ಮಿದುಳಿನಲ್ಲಿ ಜಾಗವೇ ಉಳಿಯುವುದಿಲ್ಲ ಅಂತ ತೋರಿಸಿದರು. 1981ರಲ್ಲಿ ನೊಬೆಲ್ ಬಂತು. ಹುಟ್ಟುತ್ತಲೇ ಪೊರೆ ಇರುವ ಮಗುವಿಗೆ "ದೊಡ್ಡದಾಗಲಿ ನೋಡೋಣ" ಅನ್ನದೆ ಬೇಗ ಆಪರೇಷನ್ ಮಾಡಬೇಕು, ಒಂದು ಕಣ್ಣು ಸೋಮಾರಿಯಾದರೆ ಚಿಕ್ಕಂದಿನಲ್ಲೇ ಇನ್ನೊಂದು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಬೇಕು ಅನ್ನುವುದಕ್ಕೆ ಬಲ ಬಂದಿದ್ದು ಅಲ್ಲಿಂದ. ಓದುವಾಗ ಹೊಟ್ಟೆ ತೊಳಸುವ ಪ್ರಯೋಗ ಅದು. ಉಪಯೋಗವಾದದ್ದೂ ಸುಳ್ಳಲ್ಲ. ಎರಡರಲ್ಲಿ ಒಂದನ್ನು ಮುಚ್ಚಿಟ್ಟು ಮಾತಾಡುವವರನ್ನು ನಂಬುವುದು ಕಷ್ಟ.

ಮಿದುಳಿಗೇ ನೇರ ತಂತಿ

ಈಗ ಚಿಪ್‌ಗೆ ಬರೋಣ. ಇದರಲ್ಲೂ ಎರಡು ಬೇರೆಬೇರೆ ವಸ್ತುಗಳಿವೆ.

ಪ್ರೀಮಾ ಎಂಬುದು ರೆಟಿನಾದ ಅಡಿಗೆ ಇಡುವ ಪುಟ್ಟ ಚಿಪ್. ವಿಶೇಷ ಕನ್ನಡಕದ ಕ್ಯಾಮೆರಾ ಕಂಡದ್ದನ್ನು ಕಣ್ಣಿಗೆ ಕಾಣದ ಬೆಳಕಿನಲ್ಲಿ ಅದಕ್ಕೆ ಕಳಿಸುತ್ತದೆ. ಮ್ಯಾಕ್ಯುಲಾ ಸವೆದ ಯುರೋಪಿನ 38 ಜನರಿಗೆ ಅಳವಡಿಸಿ ನೋಡಿದ ಫಲಿತಾಂಶ 2025ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಪರೀಕ್ಷೆಗೆ ಸಿಕ್ಕ 32 ಜನರಲ್ಲಿ 26 ಮಂದಿಗೆ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತ್ತು. ಮೊದಲಿನ ಹಾಗೆ ಕಾಣಿಸಿತು ಅಂತಲ್ಲ, ಅಕ್ಷರ ಕೂಡಿಸಿ ಓದುವ ಮಟ್ಟಕ್ಕೆ.

ಕಣ್ಣಿನ ನರವೇ ಸತ್ತವರಿಗೆ ಇದು ನಡೆಯುವುದಿಲ್ಲ. ಅವರಿಗೆ ಕಣ್ಣನ್ನು ಬಿಟ್ಟು ಹಿಂದಲೆಯಲ್ಲಿರುವ, ದೃಶ್ಯವನ್ನು ಓದುವ ಮಿದುಳಿನ ಭಾಗಕ್ಕೇ ಕರೆಂಟ್ ಕೊಡಬೇಕು. 2020ರಲ್ಲಿ ನೆದರ್ಲೆಂಡ್ಸ್‌ನ ತಂಡವೊಂದು ಎರಡು ಮಂಗಗಳ ಮಿದುಳಿನಲ್ಲಿ 1,024 ಎಲೆಕ್ಟ್ರೋಡ್, ಅಂದರೆ ಕರೆಂಟ್ ಕೊಡುವ ಸಣ್ಣ ತಂತಿಗಳನ್ನು ಕೂರಿಸಿತು. ಒಂದೊಂದು ಎಲೆಕ್ಟ್ರೋಡ್ ಒಂದೊಂದು ಬೆಳಕಿನ ಚುಕ್ಕಿ ಹುಟ್ಟಿಸುತ್ತದೆ. ಚುಕ್ಕಿಗಳನ್ನು ಅಕ್ಷರದ ಆಕಾರದಲ್ಲಿ ಹೊತ್ತಿಸಿದಾಗ, ಮೊದಲೇ ಅಕ್ಷರ ಗುರುತಿಸಲು ಕಲಿತಿದ್ದ ಮಂಗಗಳು ಸರಿಯಾದ ಉತ್ತರದ ಕಡೆ ಕಣ್ಣು ಹೊರಳಿಸಿದವು. ಮರುವರ್ಷ ಪ್ರಕಟವಾದ ಇನ್ನೊಂದು ವರದಿಯಲ್ಲಿ, ಸ್ಪೇನ್‌ನಲ್ಲಿ 16 ವರ್ಷದಿಂದ ಕುರುಡಾಗಿದ್ದ 57ರ ಮಹಿಳೆಯೊಬ್ಬರು ಆರು ತಿಂಗಳ ಕಾಲ 96 ಎಲೆಕ್ಟ್ರೋಡ್ ಇಟ್ಟುಕೊಂಡು ಸರಳ ಆಕಾರಗಳನ್ನು, ಕೆಲವು ಅಕ್ಷರಗಳನ್ನು ಗುರುತಿಸಿದರು. ನ್ಯೂರಾಲಿಂಕ್ ಕಂಪನಿಯ ಬ್ಲೈಂಡ್‌ಸೈಟ್ ಎಂಬ ಚಿಪ್ ಇದೇ ದಾರಿಯದು. 2024ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಅದಕ್ಕೆ ಕೊಟ್ಟಿದ್ದು ಪರಿಶೀಲನೆ ಬೇಗ ನಡೆಯಲಿ ಅನ್ನುವ ವಿಶೇಷ ಮಾನ್ಯತೆ, ಮಾರಾಟದ ಅನುಮತಿ ಅಲ್ಲ. ಇದನ್ನು ಬಹಳ ಕಡೆ ತಪ್ಪಾಗಿ ಬರೆದಿದ್ದಾರೆ.

ಸಾವಿರ ಎಲೆಕ್ಟ್ರೋಡ್‌ಗೆ ಮಂಗ, 96ಕ್ಕೆ ಮನುಷ್ಯರು ಯಾಕೆ? ಸಂಖ್ಯೆ ಏರಿದಷ್ಟೂ ತಲೆಬುರುಡೆ ತೆರೆಯುವುದು ಜಾಸ್ತಿ, ಸೋಂಕಿನ ಅಪಾಯ ಜಾಸ್ತಿ, ವರ್ಷ ಕಳೆದ ಹಾಗೆ ಎಲೆಕ್ಟ್ರೋಡ್ ಕೆಡುತ್ತದೋ ಅನ್ನುವ ಅನುಮಾನ ಬೇರೆ. ಅದನ್ನು ಮೊದಲ ಸಲ ಮನುಷ್ಯನಲ್ಲಿ ನೋಡುವುದಕ್ಕೆ ಯಾವ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪುವುದಿಲ್ಲ.

ವಿರೋಧಿಗಳ ಮಾತಿನಲ್ಲಿ ತೂಕ ಇದೆ

ಮಂಗಗಳ ಪ್ರಯೋಗ ಬೇಡ ಎನ್ನುವವರನ್ನು ಬರೀ ಭಾವುಕರು ಅಂತ ತಳ್ಳಿಹಾಕುವಂತಿಲ್ಲ. ಅವರಲ್ಲಿ ವಿಜ್ಞಾನಿಗಳೂ ಇದ್ದಾರೆ.

ಮೊದಲನೆಯದು ನಂಬಿಕೆಯ ಪ್ರಶ್ನೆ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಆಂಟಿಬಾಡಿಯನ್ನು, ಮಂಗಗಳಿಗೆ ಕೊಟ್ಟು ಏನೂ ಆಗದಿದ್ದ ಪ್ರಮಾಣದ 500ನೇ ಒಂದು ಪಾಲಿನಷ್ಟು, ಆರು ಆರೋಗ್ಯವಂತ ಗಂಡಸರಿಗೆ ಕೊಟ್ಟರು. ಆರೂ ಮಂದಿ ಐಸಿಯು ಸೇರಿದರು, ಅಂಗಾಂಗಗಳು ಕೈಕೊಟ್ಟವು. ಮಂಗದ ದೇಹ ತಡೆದುಕೊಂಡದ್ದು ಮನುಷ್ಯನಿಗೆ ತಡೆಯಲಿಲ್ಲ. ಇದರ ತದ್ವಿರುದ್ಧವೂ ಉಂಟು. ಮನುಷ್ಯರಿಗೆಂದು ತಿದ್ದಿದ ಆಂಟಿಬಾಡಿ ಮಂಗದ ಕಣ್ಣಿಗೆ ಪರಕೀಯ ವಸ್ತು, ಹಾಗಾಗಿ ಮನುಷ್ಯನಲ್ಲಿ ಬಾರದ ಉರಿಯೂತ ಅಲ್ಲಿ ಬರುತ್ತದೆ. ಎಫ್‌ಡಿಎ ಬೇರೆಲ್ಲ ಬಿಟ್ಟು ಆಂಟಿಬಾಡಿಯಿಂದಲೇ ಶುರುಮಾಡಿದ್ದಕ್ಕೆ ಇಂಥ ಅನುಭವಗಳೇ ಹಿನ್ನೆಲೆ.

ಎರಡನೆಯದು ಮಾದರಿಯ ಪ್ರಶ್ನೆ. ಲೇಸರ್‌ನಿಂದ ಸುಟ್ಟು ಮಾಡಿದ ಗಾಯ ಎಪ್ಪತ್ತು ವರ್ಷದಲ್ಲಿ ನಿಧಾನವಾಗಿ ಬಂದ ಕಾಯಿಲೆ ಅಲ್ಲ. ಸೋರುವ ನಾಳ ನಿಲ್ಲಿಸಲು ಆ ಮಾದರಿ ಸಾಕಾಯಿತು, ಕಾಯಿಲೆ ಯಾಕೆ ಬರುತ್ತದೆ ಅಂತ ತಿಳಿಯಲು ಸಾಲದು. ಜೊತೆಗೆ, ಮಂಗ ಇಲ್ಲದೆಯೇ ದೊಡ್ಡ ಹೆಜ್ಜೆ ಇಟ್ಟ ಉದಾಹರಣೆಯೂ ಇದೆ. ಹುಟ್ಟುಕುರುಡಿನ ಒಂದು ಅಪರೂಪದ ಬಗೆಗೆ, ಕೆಟ್ಟ ಜೀನ್‌ನ ಕೆಲಸ ಮಾಡಲು ಸರಿಯಾದದ್ದನ್ನು ಕೋಶಕ್ಕೆ ಸೇರಿಸುವ ಜೀನ್ ಚಿಕಿತ್ಸೆ ಫಲ ಕೊಡುತ್ತದೆ ಅಂತ 2001ರಲ್ಲಿ ತೋರಿಸಿದ್ದು ಅದೇ ದೋಷವನ್ನು ಹೊತ್ತು ಹುಟ್ಟಿದ ನಾಯಿಗಳು. ಆ ಚಿಕಿತ್ಸೆಗೆ ಲಕ್ಸ್‌ಟರ್ನಾ ಹೆಸರಿನಲ್ಲಿ 2017ರಲ್ಲಿ ಅನುಮತಿ ಸಿಕ್ಕಿತು.

ಮೂರನೆಯದು ಸಂಕಟದ ಪ್ರಶ್ನೆ, ನನ್ನ ಪ್ರಕಾರ ಇದೇ ಮುಖ್ಯ. 2022ರಲ್ಲಿ ಹಾರ್ವರ್ಡ್‌ನ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರ ಲೇಖನವೊಂದು ಬಂತು. ಮರಿಯನ್ನು ಕಳೆದುಕೊಂಡ ತಾಯಿಮಂಗಗಳು ಮೆತ್ತನೆಯ ಗೊಂಬೆಯನ್ನು ಅವಚಿಕೊಂಡು ಬಿಡಲಿಲ್ಲ ಎಂಬ ವರದಿ ಅದು. ಲೇಖನ ವಾಪಸ್ ಪಡೆಯಿರಿ ಅಂತ 250ಕ್ಕೂ ಹೆಚ್ಚು ವಿಜ್ಞಾನಿಗಳು ಪತ್ರ ಬರೆದರು. ಲಿವಿಂಗ್‌ಸ್ಟನ್ ಅವರ ಪ್ರಯೋಗಾಲಯದ ಮುಖ್ಯ ಕೆಲಸ ದೃಷ್ಟಿಯದ್ದು. ಆದರೆ ಈ ಲೇಖನದಿಂದ ಯಾವ ಕುರುಡನಿಗೂ ಏನೂ ಸಿಗುವಂತಿರಲಿಲ್ಲ. ಮಂಗ ಬೇಕು ಎನ್ನುವವರಿಗೆ ಇಂಥದ್ದೊಂದು ಪ್ರಕರಣ ಮಾಡುವಷ್ಟು ಹಾನಿ ವಿರೋಧಿಗಳ ಹತ್ತು ಮೆರವಣಿಗೆಯೂ ಮಾಡುವುದಿಲ್ಲ.

ಆದ್ದರಿಂದ "ಮಂಗ ಬೇಕಾ ಬೇಡವಾ" ಅಂತ ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಒಂದು ಪ್ರಯೋಗ ಕೇಳುತ್ತಿರುವ ಪ್ರಶ್ನೆ ಏನು, ಅದಕ್ಕೆ ಫೋವಿಯಾ ಅಥವಾ ನಮ್ಮಂಥ ಮಿದುಳು ಬೇಕೇ ಬೇಕಾ ಅಂತ ಪ್ರತಿ ಸಲ ಕೇಳಬೇಕಾಗುತ್ತದೆ. ಔಷಧಿಯ ವಿಷ ಪರೀಕ್ಷೆಗೆ ಬಹಳ ಕಡೆ ಬೇಕಿಲ್ಲ. ಮಿದುಳಿಗೆ ಸಾವಿರ ತಂತಿ ಇಡುವುದಕ್ಕೆ ಇವತ್ತಿಗೆ ಬೇರೆ ದಾರಿ ಕಾಣುತ್ತಿಲ್ಲ.

ಬದಲಿ ದಾರಿಗಳು ಎಲ್ಲಿವೆ

ಮನುಷ್ಯರ ಕೋಶದಿಂದಲೇ ಪಾತ್ರೆಯಲ್ಲಿ ಬೆಳೆಸಿದ ಪುಟ್ಟ ರೆಟಿನಾಗಳು ಈಗ ಇವೆ. ರಾಡ್, ಕೋನ್ ಎಲ್ಲ ಅದರಲ್ಲಿ ಬೆಳೆಯುತ್ತವೆ, ಔಷಧಿ ಕೋಶವನ್ನು ಕೊಲ್ಲುತ್ತದಾ ಅಂತ ನೋಡಲು ಚೆನ್ನಾಗಿದೆ. ಆದರೆ ಅದಕ್ಕೆ ರಕ್ತದ ಓಡಾಟ ಇಲ್ಲ, ಅದರ ನರ ಯಾವ ಮಿದುಳಿಗೂ ಸೇರಿಲ್ಲ. ಕಾಣುತ್ತದಾ ಅಂತ ಅದನ್ನು ಕೇಳುವಂತಿಲ್ಲ.

ದಾನ ಬಂದ ಕಣ್ಣುಗಳು ಇನ್ನೊಂದು ದಾರಿ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಎಲ್ಲರಿಗೂ ನೆನಪಿದೆ ಅಲ್ವಾ. ಅಲ್ಲಿ ಕಸಿ ಮಾಡಿದ್ದು ಕಾರ್ನಿಯಾ, ಅಂದರೆ ಮುಂದಿನ ಗಾಜಿನಂಥ ಪದರ ಮಾತ್ರ. ಇಡೀ ಕಣ್ಣನ್ನು ಕಸಿ ಮಾಡಿ ಕಾಣಿಸುವುದು ಯಾರಿಗೂ ಇನ್ನೂ ಸಾಧ್ಯವಾಗಿಲ್ಲ, ರೆಟಿನಾ ಹಾಗೆಯೇ ಉಳಿದುಹೋಗುತ್ತದೆ. 2022ರಲ್ಲಿ ವಿಜ್ಞಾನಿಗಳು ತೀರಿಕೊಂಡವರ ರೆಟಿನಾದ ಕೋಶಗಳು ಮತ್ತೆ ಬೆಳಕಿಗೆ ಸ್ಪಂದಿಸುವಂತೆ ಮಾಡಿದರು. ನಿಜವಾದ ಮನುಷ್ಯರ ಫೋವಿಯಾವನ್ನೇ ಅಧ್ಯಯನ ಮಾಡಬಹುದಾದರೆ ಎಷ್ಟೋ ಕಡೆ ಮಂಗ ಬೇಕಾಗುವುದಿಲ್ಲ. ಆದರೆ ಕಣ್ಣು ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ಮುಟ್ಟಬೇಕು. ಕಾರ್ನಿಯಾಕ್ಕೇ ಆರು ಗಂಟೆಯೊಳಗೆ ಬನ್ನಿ ಅನ್ನುತ್ತಾರೆ. ಮಳೆಗಾಲದಲ್ಲಿ ಆಗುಂಬೆ ಕಡೆಯ ಒಂಟಿಮನೆಯಿಂದ ಫೋನ್ ಸಿಗುವುದೇ ಕಷ್ಟ ಅನ್ನುವಾಗ ಇದು ದೊಡ್ಡ ಊರುಗಳ ದಾರಿಯಾಗಿಯೇ ಉಳಿಯುತ್ತದೆ.

ನಮ್ಮ ತೋಟದ ಮಂಗ

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೃಷ್ಟಿಯ ಬಗ್ಗೆ ಕೆಲಸ ನಡೆಯುವುದು ಬಾನೆಟ್ ಮಕಾಕ್ ಮಂಗಗಳಲ್ಲೇ. ತಲೆಯ ಮೇಲೆ ಬೈತಲೆ ತೆಗೆದಂತೆ ಕೂದಲಿರುವ, ನಮ್ಮ ಘಾಟಿಯ ರಸ್ತೆಬದಿಯಲ್ಲಿ ಕೂರುವ ಅದೇ ಜಾತಿ. 2021ರಲ್ಲಿ ಅಲ್ಲಿನ ತಂಡವೊಂದು ಮಂಗಗಳನ್ನು ಕಟ್ಟಿಹಾಕದೆ ಗುಂಪಾಗಿಯೇ ಇರಗೊಟ್ಟು, ಅವು ತಾವಾಗಿ ಬಂದು ಟಚ್‌ಸ್ಕ್ರೀನ್ ಮುಟ್ಟಿ ಜ್ಯೂಸ್ ಕುಡಿಯುವಾಗಲೇ ಕಣ್ಣಿನ ಚಲನೆ ಅಳೆಯುವ ಕ್ರಮವನ್ನು ವಿವರಿಸಿತು. ಕಲಿಸದೇ ಬಿಟ್ಟ ಒಂದು ಮಂಗ ಉಳಿದವನ್ನು ನೋಡಿಯೇ ಆಟ ಕಲಿತುಬಿಟ್ಟಿತಂತೆ. ಇಷ್ಟು ಬುದ್ಧಿಯ ಪ್ರಾಣಿ ಅನ್ನುವುದೇ ಸಂಶೋಧಕರಿಗೆ ಅದು ಬೇಕಾಗುವುದಕ್ಕೂ, ಬೇಡ ಎನ್ನುವವರು ಬೇಡ ಎನ್ನುವುದಕ್ಕೂ ಕಾರಣ.

ಹಾಗಂತ ತೋಟದಿಂದ ಹಿಡಿದುಕೊಂಡು ಹೋಗುವುದಕ್ಕಾಗುವುದಿಲ್ಲ. ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಪ್ರಯೋಗಕ್ಕೆ ಕೇಂದ್ರದ ಸಮಿತಿಯ ಒಪ್ಪಿಗೆಯೇ ಬೇಕು, ಇಲಿಯ ಹಾಗೆ ಕಾಲೇಜಿನ ಮಟ್ಟದಲ್ಲಿ ಮುಗಿಯುವುದಿಲ್ಲ. ಕಾಡಿನ ಮಂಗದ ವಯಸ್ಸು, ಕಾಯಿಲೆ ಯಾರಿಗೂ ಗೊತ್ತಿರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದರಿಂದಲೇ ಮಂಗನ ಕಾಯಿಲೆ ಗೊತ್ತಾಗಿದ್ದು. ಈಗಲೂ ಸತ್ತ ಮಂಗ ಕಂಡರೆ ಆ ಕಾಯಿಲೆ ಹರಡುವ ಉಣುಗಿಗೆ ಹೆದರಿ ಆರೋಗ್ಯ ಇಲಾಖೆಗೆ ಹೇಳುವ ಊರಿನಿಂದ ಮಂಗಗಳನ್ನು ಪ್ರಯೋಗಾಲಯಕ್ಕೆ ಒಯ್ಯುವುದು ತಲೆನೋವು ತಂದುಕೊಂಡಂತೆ. ಇನ್ನು ಇಂಥ ಕೆಲಸಕ್ಕೆ ಬೇಕಾಗುವುದು ಬೆರಳೆಣಿಕೆಯ ಮಂಗ. ಅಷ್ಟರಿಂದ ಒಂದು ಊರಿನ ಬಾಳೆಯೂ ಉಳಿಯುವುದಿಲ್ಲ.

ಹೊರದೇಶಕ್ಕೆ ಕಳಿಸುವ ಮಾತಂತೂ ಮುಗಿದ ಕಥೆ. ಪೋಲಿಯೋ ಲಸಿಕೆಯ ಕಾಲದಲ್ಲಿ ಉತ್ತರ ಭಾರತದ ರೀಸಸ್ ಮಂಗಗಳು ರಾಶಿರಾಶಿಯಾಗಿ ಅಮೆರಿಕಕ್ಕೆ ಹೋಗುತ್ತಿದ್ದವು. ವೈದ್ಯಕೀಯಕ್ಕೆ ಅಂತ ಒಯ್ದ ಮಂಗಗಳನ್ನು ಅಲ್ಲಿನ ಸೇನೆ ವಿಕಿರಣದ ಪ್ರಯೋಗಕ್ಕೆ ಬಳಸಿತು ಅಂತ ಗೊತ್ತಾದ ಮೇಲೆ ಮೊರಾರ್ಜಿ ದೇಸಾಯಿ ಸರ್ಕಾರ 1978ರಿಂದ ರಫ್ತು ನಿಲ್ಲಿಸಿತು.

ಮುಂದೆ ಏನಾಗಬಹುದು

ಆಂಟಿಬಾಡಿ ಔಷಧಿಗಳ ಸುರಕ್ಷತೆ ಪರೀಕ್ಷೆಯಿಂದ ಮಂಗ ಮೊದಲು ಹೊರಬೀಳುತ್ತದೆ. ಮುಂದಿನ ಪೀಳಿಗೆಯ ಕಣ್ಣಿನ ಇಂಜೆಕ್ಷನ್ ಮಂಗವನ್ನು ಮುಟ್ಟದೆಯೇ ಬರಬಹುದು, ತಯಾರಿಕೆಯ ಖರ್ಚು ಇಳಿದರೆ ಬೆಲೆಯೂ ಸ್ವಲ್ಪ ಇಳಿಯಬಹುದು. ಮಿದುಳಿನ ಕೆಲಸ ಮಾತ್ರ ನಿಲ್ಲುವುದು ಅನುಮಾನ. ಅಮೆರಿಕದಲ್ಲಿ ಬಿಗಿಯಾದರೆ ಅದು ಬೇರೆಡೆಗೆ ಸರಿಯುತ್ತದೆ. 2020ರಲ್ಲಿ ಮಂಗಗಳ ರಫ್ತು ನಿಲ್ಲಿಸಿದ ಚೀನಾದ ಹತ್ತಿರ ಮಂಗವೂ ಇದೆ, ದುಡ್ಡೂ ಇದೆ. ನಿಯಮ ಸಡಿಲ ಇರುವ ಕಡೆ ಕೆಲಸ ಹೋದರೆ ಮಂಗಕ್ಕೆ ಒಳ್ಳೆಯದಾಯಿತು ಅಂತ ಹೇಳಲು ಬರುವುದಿಲ್ಲ.

ನಮ್ಮ ಭಾಗಕ್ಕೆ ಇದರಿಂದ ತಕ್ಷಣ ಆಗುವ ವ್ಯತ್ಯಾಸ ಕಡಿಮೆ. 2015ರಿಂದ 19ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡಿನಲ್ಲಿ ಶೇ. 66.2ಕ್ಕೆ ಕಾರಣ ಪೊರೆ. ಅದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಮಂಗವೂ ಬೇಕಿಲ್ಲ, ಆಪರೇಷನ್ ಇದೆ. ಶುಗರ್‌ನಿಂದ ಕೆಡುವ ಕಣ್ಣಿಗೆ ಇಂಜೆಕ್ಷನ್ ಇದೆ. ಅದು ಫಲ ಕೊಡಬೇಕಾದರೆ ರೆಟಿನಾ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು, ಹೇಳಿದ ತಿಂಗಳಿಗೆ ಸರಿಯಾಗಿ ಹೋಗಬೇಕು. ಸ್ವಲ್ಪ ಕಾಣತೊಡಗಿತು ಅಂತ ಎರಡನೇ ಇಂಜೆಕ್ಷನ್‌ಗೇ ಬಿಟ್ಟರೆ ನಾಳಗಳು ಮತ್ತೆ ಸೋರುತ್ತವೆ, ಹಾಗೆ ಹೋದ ದೃಷ್ಟಿ ಪೂರ್ತಿ ವಾಪಸ್ ಬರುವುದು ಕಷ್ಟ.